ಗೆಣ್ಣಿನ ಸಾಕ್ಷಿ

ಸಾಲ್ಟ್‌ಪಾಂಡ್ ಪೇಟೆಯಲ್ಲಿ ಮಾಮೆ ಕ್ವಾನ್ಸಿಮಾಳ ಡೊಕೊನು ತಿನ್ನದವರಿಲ್ಲ, ಅವಳ ಕೈಲಿ ಬೈಗುಳ ತಿನ್ನದವರೂ ಇಲ್ಲ. ಎರಡೂ ಬಿಸಿಬಿಸಿಯಾಗಿಯೇ ಸಿಗುತ್ತವೆ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಬಾಳೆಯೆಲೆಯಲ್ಲಿ ಸುತ್ತಿ ಅವಳು ಬೇಯಿಸುತ್ತಾಳೆ, ಪಕ್ಕದಲ್ಲೇ ಕೂತು ನಾನು ಮೀನು ಕರಿಯುತ್ತೇನೆ. ಅವಳ ಡೊಕೊನು ಇಲ್ಲದಿದ್ದರೆ ನನ್ನ ಮೀನು ಖರ್ಚಾಗುವುದಿಲ್ಲ, ನನ್ನ ಮೀನಿಲ್ಲದೆ ಅವಳ ಡೊಕೊನು ಯಾರ ಗಂಟಲಿಗೂ ಇಳಿಯುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೀಗೇ ನಡೆದಿದೆ. ಕಟ್ಟಿಕೊಂಡ ಗಂಡನ ಪಕ್ಕದಲ್ಲಿ ಕೂಡ ನಾನು ಅಷ್ಟು ಹೊತ್ತು ಕೂತವಳಲ್ಲ.

ಭಾನುವಾರ ಮಾತ್ರ ಅವಳು ಬೇರೆಯೇ ಹೆಂಗಸು. ಬಿಳಿ ರವಿಕೆ, ಬಿಳಿ ಸುತ್ತುಬಟ್ಟೆ, ತಲೆಗೆ ಬಿಳಿ ವಸ್ತ್ರ. ನಮ್ಮ ಮೆಥಡಿಸ್ಟ್ ಚರ್ಚಿನಲ್ಲಿ ಪಾದ್ರಿಗಳು ಉಪದೇಶ ಮಾಡುತ್ತಿರುವಾಗ ನಡುವೆಯೇ ಯಾವ ಹೆಂಗಸಾದರೂ ಎದ್ದು ಹಾಡು ಎತ್ತಬಹುದು. ಪಾದ್ರಿ ಬಾಯಿ ಮುಚ್ಚಲೇಬೇಕು. ಎತ್ತಿದವಳು ಅಲ್ಲೇ ಒಂದೊಂದು ಸಾಲು ಕಟ್ಟುತ್ತ ಹೋಗುತ್ತಾಳೆ, ಸಭೆಯೆಲ್ಲ ಸೊಲ್ಲು ಹಿಡಿಯುತ್ತದೆ. ಯಾವ ಹೆಂಗಸಾದರೂ ಎಂದೆನಲ್ಲ, ಹತ್ತೊಂಬತ್ತು ವರ್ಷದಿಂದ ಆ ಹೆಂಗಸು ಕ್ವಾನ್ಸಿಮಾ ಒಬ್ಬಳೇ. ಉಪದೇಶ ನೋಹನ ನಾವೆಯದಾದರೆ, ಆ ನಾವೆಯಲ್ಲಿ ಅಡುಗೆ ಮಾಡಿ ಸೊಂಟ ಬಿದ್ದುಹೋದ ನೋಹನ ಹೆಂಡತಿಯ ಮೇಲೆ ಅವಳ ಹಾಡು. ಅವಳ ಗಂಟಲು ಕೇಳಿದರೆ ತೂಕಡಿಸುವ ಗಂಡಸರು ನೆಟ್ಟಗೆ ಕೂರುತ್ತಾರೆ. ಪಾದ್ರಿ ಅಕ್ವಾ ನೀರು ಕುಡಿದು, ಮುಂದೆ ಹೇಳಬೇಕಾದ್ದನ್ನು ಜ್ಞಾಪಿಸಿಕೊಳ್ಳುತ್ತಾರೆ.

ಇಂಥವಳಿಗೆ ಮೈಯೆಲ್ಲ ಉರಿಯುತ್ತಿದ್ದದ್ದು ಒಂದೇ ವಿಷಯಕ್ಕೆ, ಮೈ ಬಿಳಿ ಮಾಡುವ ಕ್ರೀಮಿಗೆ. "ದೇವ್ರು ಕೋಕೋ ಕೊಟ್ಟಿದಾನೆ, ಇವಳಿಗೆ ಹಾಲೂ ಬೇಕಂತೆ" ಎಂದು ಗೊಣಗುತ್ತಿದ್ದಳು. ಪೇಟೆಯಲ್ಲಿ ಆ ಡಬ್ಬಿ ಮಾರಲು ಕೂತವನನ್ನು ಎರಡು ಸಲ ಗಂಟುಮೂಟೆ ಸಮೇತ ಎಬ್ಬಿಸಿದ್ದಾಳೆ. ಹಚ್ಚಿದವರನ್ನು ಹಿಡಿಯಲು ಅವಳದೇ ಒಂದು ಪರೀಕ್ಷೆಯೂ ಇತ್ತು.

"ಕ್ರೀಮು ಮುಖಕ್ಕೆ ಹತ್ತತ್ತೆ, ಕತ್ತಿಗೆ ಹತ್ತತ್ತೆ, ಬೆರಳಿನ ಗೆಣ್ಣಿಗೆ ಮಾತ್ರ ಹತ್ತಲ್ಲ. ಅದು ಕಪ್ಪಾಗೇ ಉಳಿಯತ್ತೆ. ಗೆಣ್ಣು ಸುಳ್ಳು ಹೇಳಲ್ಲ ಕಣ್ರೇ."

ಊರಿಗೆ ಊರೇ ಈ ಪಾಠ ಕಲಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಮ್ಮಲ್ಲಿ ಮಾಮೆ ಬರುವುದು ಕಂಡರೆ ಹುಡುಗಿಯರು ಕೈ ಬೆನ್ನ ಹಿಂದೆ ಕಟ್ಟುತ್ತಿದ್ದರು.

ಐದು ವರ್ಷದ ಹಿಂದೆ ಒಬ್ಬಳು ಕೈ ಕಟ್ಟಲು ಮರೆತಳು. ಅಡ್ವೋಬಾ ಎಂದು, ಲಾರಿ ನಿಲ್ದಾಣದ ಪಕ್ಕ ತಲೆಗೂದಲು ಹೆಣೆಯುವ ಅಂಗಡಿಯವಳು. ಸುಗ್ಗಿ ಆರಾಧನೆಯ ದಿನ ಮುಂದಿನ ಬೆಂಚಿಗೆ ಬಂದು ಕೂತಿದ್ದಳು. ಹಾಡು ಮುಗಿಸಿದ ಕ್ವಾನ್ಸಿಮಾ ಸೀದಾ ಹೋಗಿ ಅವಳ ಮಣಿಕಟ್ಟು ಹಿಡಿದು, ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದಳು. "ನೋಡಿ ಎಲ್ರೂ. ಮುಖ ಅಕ್ರಾ ಪಟ್ಟಣದ್ದು, ಗೆಣ್ಣು ಸಾಲ್ಟ್‌ಪಾಂಡಿನದು."

ಚರ್ಚೆಲ್ಲ ನಕ್ಕಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ, ಸುಳ್ಳು ಯಾಕೆ ಹೇಳಲಿ. ಅಡ್ವೋಬಾ ಕ್ರೀಮು ಹಚ್ಚುತ್ತಿದ್ದದ್ದೂ ನಿಜವೇ. ಆದರೆ ಅವತ್ತಿನಿಂದ ಅವಳು ಬಾಗಿಲ ಪಕ್ಕದ ಕಡೆಯ ಬೆಂಚಿಗೆ ಹೋದಳು. ಆಶೀರ್ವಾದ ಮುಗಿಯುವ ಮೊದಲೇ ಎದ್ದು ಹೋಗಿಬಿಡುತ್ತಿದ್ದಳು. ಕ್ರೀಮು ಬಿಟ್ಟು ಬಣ್ಣ ಮರಳಿ ಬಂದ ಮೇಲೂ ಮುಂದಿನ ಬೆಂಚಿಗೆ ಮರಳಲಿಲ್ಲ.

ಇನ್ನು ಕಳೆದ ವರ್ಷದ ಮಾತು. ಈಸ್ಟರ್ ಆದ ಮೇಲೆ ಕ್ವಾನ್ಸಿಮಾ ದೊಡ್ಡ ಹಂಡೆ ಎತ್ತುವಾಗ ಏದುಸಿರು ಬಿಡತೊಡಗಿದಳು. "ವಯಸ್ಸಾಯ್ತು ಕಣೆ ಎಫುವಾ, ಅರವತ್ತೊಂದು" ಎಂದಳು. "ಬಾಯಿಗೆ ಮಾತ್ರ ಇನ್ನೂ ಹದಿನಾರು" ಎಂದೆ ನಾನು. ಆಮೇಲೆ ಅವಳ ಮುಖದ ಬಣ್ಣ ತಿಳಿಯಾಗುತ್ತ ಬಂತು. ಒಳ್ಳೆ ಕಪ್ಪು ಮುಖ, ಅದರೊಳಗಿಂದ ಯಾರೋ ಹೊಳಪು ಹೀರಿಕೊಂಡು ತೆಳು ಹಳದಿ ಬಿಟ್ಟ ಹಾಗೆ. ದಿನಾ ನೋಡುವ ನನ್ನ ಕಣ್ಣಿಗೆ ಅದು ಬೀಳಲಿಲ್ಲ. ಬಿದ್ದದ್ದು ಡಾರ್ಕಸ್ ಆಂಟಿಯ ಕಣ್ಣಿಗೆ. ಡಾರ್ಕಸ್ ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ. ಹಾಡು ಎತ್ತುವ ಆಸೆ ಹತ್ತೊಂಬತ್ತು ವರ್ಷದಿಂದ ಅವಳ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಒಂದು ಬೆಳಿಗ್ಗೆ ಡೊಕೊನು ಕೊಳ್ಳಲು ಬಂದ ಡಾರ್ಕಸ್, ಎಲೆ ಬಿಚ್ಚುತ್ತಿದ್ದ ಕ್ವಾನ್ಸಿಮಾಳ ಕೈಯನ್ನೇ ನೋಡುತ್ತ ನಿಂತಳು. "ಮಾಮೆ, ಮುಖ ಚೆನ್ನಾಗಿ ತಿಳಿಯಾಗಿದೆ ಇತ್ತೀಚೆಗೆ. ಯಾವ ಸೋಪು?"

"ನಿಮ್ಮಜ್ಜಿ ಹಾಕ್ಕೊಳ್ತಿದ್ದಿದ್ದೇ ಕರಿ ಸೋಪು. ಯಾಕೆ?"

"ಏನಿಲ್ಲ. ಗೆಣ್ಣು ನೋಡ್ದೆ."

ನಾನೂ ಆಗಲೇ ನೋಡಿದ್ದು. ಹತ್ತು ಬೆರಳಿನ ಗೆಣ್ಣುಗಳೂ ಬಾಣಲೆಯ ತಳದ ಹಾಗೆ ಕಪ್ಪಾಗಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಗೆಣ್ಣಿನ ಕಪ್ಪಿಗೆ ಮಾತ್ರ ಊರೇ ಕನ್ನಡಿಯಾಗಿ ನಿಂತಿತು.

ಮಧ್ಯಾಹ್ನದೊಳಗೆ ಸುದ್ದಿ ಸಮುದ್ರದ ದಂಡೆ ಮುಟ್ಟಿತು. ಕ್ರೀಮು ಮಾರುವವನನ್ನು ಎಬ್ಬಿಸಿ ಕಳಿಸಿದವಳು ಡಬ್ಬಿಗಳನ್ನೆಲ್ಲ ತಾನೇ ಇಟ್ಟುಕೊಂಡಳು ಎಂದರು. ಅವಳ ಗಂಡ ಪಾಪದ ಮನುಷ್ಯ, ಲಾರಿಗಳ ಮೇಲೆ ಅಕ್ಷರ ಬರೆಯುವವನು. "ಮನೇಲಿ ಕ್ರೀಮಿದ್ಯಾ?" ಎಂದು ಅವನನ್ನೇ ಕೇಳಿದರು. "ಬಾಯಿಗೆ ಹಚ್ಚೋಂಥದ್ದೇನಾದ್ರೂ ಸಿಕ್ರೆ ಹೇಳಿ, ನಾನೇ ತರ್ತೀನಿ" ಎಂದನಂತೆ. ಕ್ವಾನ್ಸಿಮಾ ನಿಂಬೆಹಣ್ಣು, ಕರಿ ಸೋಪು, ಮೈಯುಜ್ಜುವ ಬಲೆ ಹಿಡಿದು ಚರ್ಮ ಸುಲಿಯುವ ತನಕ ಗೆಣ್ಣು ಉಜ್ಜಿದಳು. ಕಪ್ಪು ಅಲ್ಲಾಡಲಿಲ್ಲ. ಕಡೆಗೆ ಭಾನುವಾರಕ್ಕೆ ಬಿಳಿ ಲೇಸಿನ ಕೈಗವಸು ಹೊಲಿಸಿ ತೊಟ್ಟುಕೊಂಡು ಬಂದಳು. ಹಿಂದಿನ ಕಾಲದ ಗೌರವಸ್ಥ ಹೆಂಗಸರೆಲ್ಲ ಕೈಗೆ ತೊಡುತ್ತಿದ್ದರು ಎಂದು ಹೇಳಿದಳು. ಕೈ ಮುಚ್ಚಿದ ಮೇಲೆ ಊರಿಗೆ ಇನ್ನೇನು ಬೇಕು?

ಆ ಭಾನುವಾರ ಪಾದ್ರಿ ಅಕ್ವಾ ಕಾನಾ ಊರಿನ ಮದುವೆಯ ಬಗ್ಗೆ ಹೇಳುತ್ತಿದ್ದರು. ನೀರು ತುಂಬಿದ ಬಾನಿಗಳ ಮಾತು ಬಂದಾಗ ಕ್ವಾನ್ಸಿಮಾ ಎದ್ದಳು. ಹಾಡು ಎತ್ತಿದಳು. ಉಸಿರು ಸಾಲದಿದ್ದರೂ ದನಿಯಲ್ಲಿ ಬೆಣ್ಣೆಯಿತ್ತು. ಮೊದಲ ಸಾಲು ಮುಗಿಯಿತು. ಸೊಲ್ಲು ಬರಲಿಲ್ಲ.

ಇನ್ನೊಮ್ಮೆ ಎತ್ತಿದಳು. ಇನ್ನೂರು ಜನ ತಮ್ಮ ತಮ್ಮ ಕಾಲುಬೆರಳು ನೋಡುತ್ತ ಕೂತಿದ್ದೆವು. ಕೂತಿದ್ದೆವು ಎನ್ನುತ್ತೇನೆ, ಯಾಕೆಂದರೆ ನಾನೂ ಅಲ್ಲಿದ್ದೆ, ಎರಡನೆಯ ಸಾಲಿನಲ್ಲಿ, ಅವಳ ಬೆನ್ನಿಗೇ. ಬಾಯಿ ತೆರೆದಿದ್ದರೆ ನನ್ನನ್ನು ಯಾರೂ ಕಡಿದು ತಿನ್ನುತ್ತಿರಲಿಲ್ಲ. ತೆರೆಯಲಿಲ್ಲ. ಅವಳು ಹಚ್ಚಿರಬಹುದು ಎಂದು ನನಗೂ ಅನ್ನಿಸಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಬಾಣಲೆ ಬೀಸಿಕೊಳ್ಳಬೇಕು ಎನಿಸುತ್ತದೆ. ಕ್ವಾನ್ಸಿಮಾ ಮೂರನೆಯ ಸಲ ಎತ್ತಲಿಲ್ಲ. ಬೆಂಚು ಹಿಡಿದುಕೊಂಡು ಕೂತಳು. ಪಾದ್ರಿ ಕೆಮ್ಮಿ ಉಪದೇಶ ಮುಂದುವರಿಸಿದರು.

ಆರಾಧನೆ ಮುಗಿದ ಮೇಲೆ ಡಾರ್ಕಸ್ ಎದ್ದಳು. ಸುಗ್ಗಿ ಆರಾಧನೆಯಿಂದ ಹಾಡು ಎತ್ತುವ ಕೆಲಸ ಬೇರೆಯವರಿಗೆ ಕೊಡುವ ವಿಚಾರ ಸಂಘದ ಮುಂದೆ ಬರುತ್ತದೆ ಎಂದಳು. ಸುಗ್ಗಿ ಆರಾಧನೆಗೆ ಏಳು ವಾರವಿತ್ತು.

ಮರುದಿನ ಪೇಟೆಯಲ್ಲಿ ನಾನು ಒಬ್ಬಳೇ. ಅವಳ ಜಾಗದಲ್ಲಿ ಮಗುಚಿಟ್ಟ ಹಂಡೆಯಿತ್ತು. ಮೂರು ದಿನ ಕಾದು, ಒಳ್ಳೆಯ ಮೀನು ನಾಲ್ಕು ಕರಿದು, ಮೆಣಸಿನಕಾಯಿ ಅರೆದುಕೊಂಡು ಅವಳ ಮನೆಗೆ ಹೋದೆ.

"ಸೊಲ್ಲು ತಂದ್ಯಾ, ಮೀನು ತಂದ್ಯಾ?" ಎಂದಳು ಮಲಗಿದ್ದಲ್ಲಿಂದಲೇ.

"ಮೀನು."

"ಸರಿ, ಇಡು. ಹೊಟ್ಟೆಗಾದ್ರೂ ಏನೋ ತಂದ್ಯಲ್ಲ."

ಒಂದು ತುತ್ತು ಬಾಯಿಗಿಟ್ಟವಳು ಹಾ ಹಾ ಎಂದು ಉಗುಳಿದಳು. ಮೆಣಸಿನಕಾಯಿಯನ್ನು ಕಡಲೆಯ ಹಾಗೆ ಅಗಿಯುತ್ತಿದ್ದ ಹೆಂಗಸು. "ನಾಲಿಗೆ ಉರಿಯತ್ತೆ ಕಣೆ. ಎರಡು ತಿಂಗಳಾಯ್ತು. ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಜುಮು ಅನ್ನತ್ತೆ. ಎಲ್ಲ ಇರ್ಲಿ ಬಿಡು, ನಾನು ಹಚ್ಚಿದೀನಿ ಅಂತ ನೀನೂ ನಂಬಿದ್ಯಾ?"

ಬಾಯಿಬಿಟ್ಟರೆ ಬಣ್ಣಗೇಡು. ಮೀನಿನ ತಟ್ಟೆ ತೊಳೆದುಕೊಂಡು ಬರುತ್ತೇನೆ ಎಂದು ಎದ್ದು ಬಂದುಬಿಟ್ಟೆ.

ಮನಸ್ಸು ಕೆಟ್ಟರೆ ಹೆಂಗಸರು ತಲೆ ಹೆಣೆಸಿಕೊಳ್ಳುತ್ತಾರೆ. ಅಡ್ವೋಬಾಳ ಅಂಗಡಿಗೆ ಹೋಗಿ ಕೂತೆ. ಎಡಗಡೆ ಅರ್ಧ ತಲೆ ಮುಗಿಯುವಷ್ಟರಲ್ಲಿ ಮಾತು ಕ್ವಾನ್ಸಿಮಾಳಿಗೆ ಬಂದೇ ಬಂತು.

"ನಿನಗೆ ಖುಷಿ ಆಗಿರ್ಬೇಕು" ಎಂದೆ.

"ಮೊದಲ್ನೇ ದಿನ ಆಯ್ತು, ಎಫುವಾ ಅಕ್ಕ. ಒಂದು ಬಾಟಲಿ ಶುಂಠಿ ಪಾನಕ ಕುಡಿದೆ" ಎಂದಳು ಅಡ್ವೋಬಾ. ಜಡೆ ಎಳೆಯುವುದನ್ನು ನಿಲ್ಲಿಸಿ ಕೇಳಿದಳು, "ಮೆಣಸಿನಕಾಯಿ ಉರಿಯತ್ತೆ ಅಂದ್ರಾ? ಕಾಲಲ್ಲಿ ಇರುವೆ ಅಂದ್ರಾ? ಕಣ್ಣಿನ ಬಿಳಿ ಹೇಗಿದೆ?"

"ಹಳದಿ ಅನ್ಸತ್ತೆ."

"ಕ್ರೀಮು ಕಣ್ಣಿಗೆ ಹಚ್ಚಲ್ಲ" ಎಂದವಳೇ ಬಾಚಣಿಗೆ ಬಿಸಾಡಿ ಎದ್ದಳು. "ಏಳಿ, ಹೋಗಣ."

"ನನ್ನ ತಲೆ?"

"ತಲೆ ಎಲ್ಲೂ ಓಡಿಹೋಗಲ್ಲ, ಬನ್ನಿ."

ಎಡಗಡೆ ಜಡೆ, ಬಲಗಡೆ ಪೊದೆ. ಹಾಗೇ ಹಗಲು ಹೊತ್ತಿನಲ್ಲಿ ಊರಿನ ನಡುವೆ ನಡೆದೆ. ಮೀನು ಕೊಳ್ಳುವವರೆಲ್ಲ ನೋಡಿದರು.

ಅಡ್ವೋಬಾಳನ್ನು ಬಾಗಿಲಲ್ಲಿ ಕಂಡು ಕ್ವಾನ್ಸಿಮಾ ಎದ್ದು ಕೂತಳು. "ಏನೇ, ನಗೋಕೆ ಬಂದ್ಯಾ?"

"ಹೂಂ ಮಾಮೆ. ಮೊದ್ಲು ಕೈ ತೋರ್ಸಿ, ಆಮೇಲೆ ನಗ್ತೀನಿ."

ಕ್ವಾನ್ಸಿಮಾ ಕೈ ಬಚ್ಚಿಟ್ಟಳು. ಅಡ್ವೋಬಾ ಬಿಡಲಿಲ್ಲ. ಕಿಟಕಿಯ ಬೆಳಕಿಗೆ ಕರೆತಂದು ಗೆಣ್ಣು ನೋಡಿದಳು, ಅಂಗೈ ತಿರುಗಿಸಿದಳು. ಅಂಗೈ ಮೀನಿನ ಹೊಟ್ಟೆಯ ಹಾಗೆ ಬಿಳಿಚಿತ್ತು, ಅದರ ಗೆರೆಗಳು ಮಾತ್ರ ಮಸಿಯಲ್ಲಿ ಎಳೆದ ಹಾಗೆ ಕಪ್ಪು. ಕಿವಿ ಮಡಚಿ ಹಿಂದೆ ನೋಡಿದಳು. ಕೆಳಗಿನ ರೆಪ್ಪೆ ಎಳೆದು ನೋಡಿದಳು. ನಾಲಿಗೆ ಚಾಚಿ ಎಂದಳು. ಊರಿಗೆಲ್ಲ ಚಾಚಿದ್ದ ಆ ನಾಲಿಗೆ ಕೆಂಪಗೆ, ನುಣ್ಣಗೆ, ಒಂದು ತರಿಯೂ ಇಲ್ಲದೆ ಒರಳಿನ ಒಳಮೈಯ ಹಾಗಿತ್ತು.

"ಏಳು ವರ್ಷ ಹಚ್ಚಿದೀನಿ ಮಾಮೆ, ನನಗೆ ಗೊತ್ತು" ಎಂದಳು ಅಡ್ವೋಬಾ. "ಹಚ್ಚೋರು ಕಿವಿ ಹಿಂದೆ ಮರೀತಾರೆ, ಅಲ್ಲಿ ಹಳೇ ಬಣ್ಣ ಇರತ್ತೆ. ನಿಮ್ಮದು ಎಲ್ಲ ಕಡೆ ಒಂದೇ. ಕೆನ್ನೆ ಮೇಲೆ ಕೆಂಪು ನರ ಏಳ್ಬೇಕು, ಇಲ್ಲ. ಅಂಗೈ ಗೆರೆ ಕಪ್ಪಾಗ್ಬಾರ್ದು, ಆಗಿದೆ. ಮತ್ತೆ ಹಚ್ಚಿದವಳ ಗೆಣ್ಣು ಕಪ್ಪಾಗಲ್ಲ ಮಾಮೆ, ಮೊದ್ಲು ಹೇಗಿತ್ತೋ ಹಾಗೇ ಉಳಿಯತ್ತೆ, ಅಷ್ಟೇ. ನಿಮ್ಮದು ಮೊದ್ಲಿಗಿಂತ ಕಪ್ಪಾಗಿದೆ. ಇದು ಹೊರಗಿಂದ ಹಚ್ಚಿದ್ದಲ್ಲ, ಒಳಗಿಂದ ಬಂದಿದ್ದು."

ಕ್ವಾನ್ಸಿಮಾ ತನ್ನ ಗೆಣ್ಣುಗಳನ್ನು ತಾನೇ ಬೆಳಕಿಗೆ ಹಿಡಿದು ನೋಡಿಕೊಂಡಳು. ಆಮೇಲೆ, "ನಗ್ತೀನಿ ಅಂದಿದ್ಯಲ್ಲ" ಎಂದಳು.

"ವಾಸಿಯಾದ್ಮೇಲೆ ನಗ್ತೀನಿ. ಎಲ್ಲಿಗೂ ಹೋಗಲ್ಲ. ಚಪ್ಪಲಿ ಹಾಕ್ಕೊಳ್ಳಿ."

ಮರುದಿನ ಬೆಳಿಗ್ಗೆಯೇ ಹೊರಟೆವು. ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಮೂವರನ್ನೂ ನೋಡಿ, ಸೀದಾ ನನ್ನ ತಲೆಯ ಕಡೆ ತಿರುಗಿ, "ಏನಾಗಿದೆ ಇವರಿಗೆ?" ಎಂದರು. ನನಗೇನೂ ಆಗಿಲ್ಲ ಎಂದು ನಂಬಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕ್ವಾನ್ಸಿಮಾಳ ಕೈ ಹಿಡಿದ ಮೇಲೆ ಮಾತ್ರ ಅವರ ನಗು ನಿಂತಿತು. ರಕ್ತ ತೆಗೆಸಿದರು, ಪಾದಕ್ಕೆ ಹತ್ತಿ ಮುಟ್ಟಿಸಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಹೆಬ್ಬೆರಳಿಗೆ ಮುಟ್ಟಿಸಿದ್ದು ಅವಳಿಗೆ ಗೊತ್ತಾಗಲಿಲ್ಲ.

ರಕ್ತ ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. "ಬಿ ಹನ್ನೆರಡು ಅನ್ನೋ ಸತ್ವ ನಿಮ್ಮ ಮೈಯಲ್ಲಿ ಇಲ್ಲವೇ ಇಲ್ಲಮ್ಮ" ಎಂದರು ಡಾಕ್ಟರಮ್ಮ.

"ಉಳಿದ ಹನ್ನೊಂದು ಇದ್ಯಲ್ಲ, ಸಾಕು ಬಿಡಿ" ಎಂದಳು ಕ್ವಾನ್ಸಿಮಾ.

"ಸಾಕಾಗಲ್ಲ. ಇದು ಇಲ್ದಿದ್ರೆ ರಕ್ತ ಆಗಲ್ಲ, ನರ ಒಣಗತ್ತೆ. ಇನ್ನಾರು ತಿಂಗಳು ಹೀಗೇ ಬಿಟ್ಟಿದ್ರೆ ನೀವು ನಡೀತಿರ್ಲಿಲ್ಲ, ಹೃದಯಾನೂ ಸೋಲ್ತಿತ್ತು."

"ನಾನು ದಿನಾ ಮೀನು ತಿನ್ನೋಳು. ಇವಳ ಮೀನು. ಅದ್ರಲ್ಲಿ ಸತ್ವ ಇಲ್ಲ ಅಂತೀರಾ?"

ನನ್ನ ಮರ್ಯಾದೆಯ ಪ್ರಶ್ನೆ. ನಾನೂ ಡಾಕ್ಟರಮ್ಮನನ್ನು ದುರುಗುಟ್ಟಿ ನೋಡಿದೆ.

"ಮೀನಲ್ಲಿ ಇದೆ. ನಿಮ್ಮ ಹೊಟ್ಟೆಗೆ ಅದನ್ನ ಹೀರೋಕೆ ಬರ್ತಿಲ್ಲ. ಅದಕ್ಕೇ ಸೂಜಿಯಲ್ಲಿ ಕೊಡೋದು. ಒಲೆಮನೆ ಒಳಗೆ ಏನೋ ಸುಟ್ರೆ ಹೊಗೆ ಬಾಗಿಲ ಸಂದಿಯಲ್ಲಿ ಕಾಣತ್ತಲ್ಲ, ಚರ್ಮಾನೂ ಹಾಗೇ. ಗೆಣ್ಣು ಮೊದಲೇ ಹೇಳಿದೆ. ಇದನ್ನ ಯಾರು ಗುರುತಿಸಿದ್ದು?"

ಕ್ವಾನ್ಸಿಮಾ ಅಡ್ವೋಬಾಳ ಕಡೆ ನೋಡಿದಳು. ಅಡ್ವೋಬಾ ಗೋಡೆಯ ಕಡೆ ನೋಡಿದಳು.

ಔಷಧಿ ಸೀಸೆಯಲ್ಲಿ ರಕ್ತದಷ್ಟೇ ಕೆಂಪಗಿತ್ತು. ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ಬದುಕಿರುವ ತನಕ ಮೂರು ತಿಂಗಳಿಗೊಂದು ಸೂಜಿ. ಪ್ರತಿ ಸಲವೂ ಅಡ್ವೋಬಾ ಅಂಗಡಿ ಮುಚ್ಚಿ ಜೊತೆಗೆ ಹೋದಳು. ನನ್ನ ಬಲಗಡೆ ತಲೆ ಹೆಣೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ, ನಾಲ್ಕನೆಯ ಸೂಜಿಯ ದಿನ. ಹತ್ತು ದಿನದಲ್ಲಿ ಕ್ವಾನ್ಸಿಮಾ ಹಂಡೆ ಎತ್ತಿದಳು. ಮೂರು ವಾರದಲ್ಲಿ ಮೆಣಸಿನಕಾಯಿ ಕೇಳಿದಳು. ಮೊದಲ ತುತ್ತಿಗೇ "ಉಪ್ಪು ಯಾರಪ್ಪನ ಮನೇದು ಅಂತ ಹಾಕಿದೀಯ?" ಎಂದು ಬೈದಾಗ ನನಗೆ ಅಳು ಬಂತು. ಹೋದ ಜೀವ ಬಂದಂತಾಯಿತು. ಇಬ್ಬರ ಗಿರಾಕಿಗಳೂ ಮರಳಿ ಬಂದರು. ಹೊಟ್ಟೆಯ ಮುಂದೆ ಚಾಡಿ ಎಷ್ಟು ದಿನ ನಿಂತೀತು?

ಚರ್ಚಿನ ಮಾತು ಬೇರೆ. ಡಾಕ್ಟರಮ್ಮನ ಕಾಗದವನ್ನು ಪಾದ್ರಿಗಳಿಗೆ ಕೊಟ್ಟೆವು. "ಕಾಗದ ಯಾರು ಬೇಕಾದ್ರೂ ಬರೀತಾರೆ, ಗೆಣ್ಣು ಇನ್ನೂ ಕಪ್ಪಗೇ ಇದ್ಯಲ್ಲ" ಎಂದಳು ಡಾರ್ಕಸ್. ಗೆಣ್ಣು ತಿಳಿಯಾಗಲು ತಿಂಗಳುಗಟ್ಟಲೆ ಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಪಾದ್ರಿ ಅಕ್ವಾ ಕನ್ನಡಕ ಒರೆಸಿಕೊಂಡರು. "ಹಾಡು ಯಾರದು ಅಂತ ಕಾಗದ ನೋಡಿ, ಕೈ ನೋಡಿ ತೀರ್ಮಾನ ಮಾಡೋದು ಬೇಡ. ಸುಗ್ಗಿ ದಿನ ಅವಳು ಎತ್ಲಿ. ಸಭೆ ಸೊಲ್ಲು ಹಿಡಿದ್ರೆ ಹಾಡು ಅವಳದು. ಹಿಡೀದಿದ್ರೆ ನೀನು ಎತ್ತಮ್ಮ."

ಸುಗ್ಗಿ ದಿನ ಚರ್ಚಿನ ಮುಂದೆ ಗೆಣಸು, ಬಾಳೆಗೊನೆ, ಕೋಳಿಗಳು. ಕ್ವಾನ್ಸಿಮಾ ಲೇಸಿನ ಕೈಗವಸು ತೊಟ್ಟೇ ಬಂದಿದ್ದಳು. ಪಾದ್ರಿ ಬಿತ್ತುವವನ ಮಾತು ಎತ್ತಿದಾಗ ಅವಳು ಎದ್ದಳು. ನಾನು ಈ ಸಲ ಗಂಟಲು ಸರಿಮಾಡಿಕೊಂಡು ತಯಾರಾಗಿ ಕೂತಿದ್ದೆ. ಅವಳು ಹಾಡಲಿಲ್ಲ. ಕೈಗವಸುಗಳನ್ನು ಒಂದೊಂದಾಗಿ ಕಳಚಿ ಬೆಂಚಿನ ಮೇಲಿಟ್ಟು, ಪಾದ್ರಿಗಳಿಗೆ ಬೆನ್ನು ಹಾಕದೆ, ಹಿಂದೆ ಹಿಂದೆ ನಡೆದು ಬಾಗಿಲ ಪಕ್ಕದ ಕಡೆಯ ಬೆಂಚಿನ ತನಕ ಹೋದಳು. ಅಲ್ಲಿ ನಿಂತು ಎತ್ತಿದಳು.

"ನಾನು ಗೆಣ್ಣು ಓದಿದೆ ಅಂದೆ, ಓದಲು ನನಗೆ ಬರುತ್ತಿರಲಿಲ್ಲ. ಕರ್ತನೇ, ಅಕ್ಷರ ಬಲ್ಲವಳನ್ನು ಕಡೆಯ ಬೆಂಚಿಗೆ ಕಳಿಸಿದೆ."

ಇಷ್ಟೇ ಸಾಲು. ನಾನು ಬಾಯಿ ತೆರೆಯುವ ಮೊದಲೇ ಒಂದು ದನಿ ಸೊಲ್ಲು ಹಿಡಿಯಿತು. ಶ್ರುತಿಯಿಲ್ಲ, ತಾಳವಿಲ್ಲ, ಬಿರುಕು ಬಿಟ್ಟ ದನಿ. ಅಡ್ವೋಬಾಳದು. ಅವಳಿಗೆ ಹಾಡಲು ಎಂದೂ ಬಂದಿಲ್ಲ, ಈಗಲೂ ಬರುವುದಿಲ್ಲ. ಅವಳ ಹಿಂದೆ ನಾನು, ನನ್ನ ಹಿಂದೆ ಗಂಡಸರ ಸಾಲು, ಆಮೇಲೆ ಚಾವಣಿ ಹಾರಿಹೋಗುವ ಹಾಗೆ ಎಲ್ಲರೂ. ಪಕ್ಕದಲ್ಲಿ ಡಾರ್ಕಸ್ ಕೂಡ ತುಟಿ ಅಲ್ಲಾಡಿಸುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಹೊಗಳಿಕೆಯೆಂದು ಹೇಳುತ್ತಿಲ್ಲ, ಅವಳ ಗಂಟಲೂ ಚೆನ್ನಾಗಿಯೇ ಇದೆ.

ಹಾಡಿನ ನಡುವೆ ಕ್ವಾನ್ಸಿಮಾ ತನ್ನ ಮಣಿಕಟ್ಟನ್ನು ಅಡ್ವೋಬಾಳ ಮುಂದೆ ಚಾಚಿದಳು. "ಅವತ್ತು ನಿನ್ನ ಕೈ ಎಲ್ರ ಮುಂದೆ ನಾನು ಎತ್ತಿದ್ದೆ. ಇವತ್ತು ನೀನು ನನ್ನದು ಎತ್ತು."

ಅಡ್ವೋಬಾ ಆ ಕೈ ಹಿಡಿದಳು. ಎತ್ತಲಿಲ್ಲ. ಕಪ್ಪು ಗೆಣ್ಣುಗಳ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ, ಕೈಯನ್ನು ಅವಳಿಗೇ ಮರಳಿಸಿದಳು.

"ಕೈ ಎತ್ಕೊಂಡು ನಿಂತ್ರೆ ಚಪ್ಪಾಳೆ ಯಾರು ಹಾಕ್ತಾರೆ ಮಾಮೆ? ಹಾಡಿ, ತಾಳ ತಪ್ತಾ ಇದೆ."

ಹೇಳಿ ನಕ್ಕಳು. ನಗುತ್ತೇನೆ ಎಂದು ಮೊದಲೇ ಹೇಳಿದ್ದಳಲ್ಲ.